ಹಳ್ಳಿಗೊಂದು ಲೈಸೆನ್ಸು, ಪಟ್ಟಣಕ್ಕೊಂದು ಲೈಸೆನ್ಸು?

ಯುಗಾದಿ ಊಟದ ಪಂಕ್ತಿಯಲ್ಲಿ ನಮ್ಮವರ ಮಾತು ಸಾಮಾನ್ಯವಾಗಿ ಮಕ್ಕಳ ಶಾಲೆ, ಮನೆಯ ಬೆಲೆ, ಊರಿಗೆ ಹೋಗುವ ವಿಮಾನದ ಟಿಕೆಟ್ಟು ಇವುಗಳಿಂದ ಆಚೆಗೆ ಹೋಗುವುದಿಲ್ಲ. ಈ ಸಲ ಮಂಡ್ಯದ ಕಡೆಯ ಹಿರಿಯರೊಬ್ಬರು ಬೇರೆಯೇ ಒಂದು ಪ್ರಶ್ನೆ ಎತ್ತಿದರು. ಹೊಲಕ್ಕೂ ಮನೆಗೂ ನಡುವೆ ಗಾಡಿ ಓಡಿಸುವ ರೈತನಿಗೂ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಓಡಿಸುವವನಿಗೂ ಲೈಸೆನ್ಸಿನ ನಿಯಮ ಒಂದೇ ಏಕಿರಬೇಕು? ಹಳ್ಳಿಯವನಿಗೆ ಸುಲಭದ ಪರೀಕ್ಷೆ ಇಟ್ಟು, ಅವನ ತಾಲ್ಲೂಕಿನೊಳಗೆ ಮಾತ್ರ ಓಡಿಸಲು ಬಿಟ್ಟರೆ ಆಗದೆ? ಕೆಲವರು ನಕ್ಕರು, ಅಷ್ಟರಲ್ಲಿ ಒಬ್ಬಟ್ಟು ಬಂತು, ಮಾತು ಅಲ್ಲಿಗೇ ನಿಂತಿತು. ಆದರೆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ ಎಂದು ನನಗೆ ತೋರಿದ್ದರಿಂದ ಈ ನಾಲ್ಕು ಮಾತು.

ಎಲ್ಲಿ ಕಲಿತವರು ಎಂಬುದರ ಮೇಲೆ ಚಾಲಕರನ್ನು ಬೇರೆ ಮಾಡುವುದು ನಮಗೆ ಹೊಸದೇನಲ್ಲ. ಭಾರತದ ಲೈಸೆನ್ಸು ಇಲ್ಲಿ ನೆಲೆಸಿದ ಮೇಲೆ ಹನ್ನೆರಡು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಊರಿನಲ್ಲಿ ಇಪ್ಪತ್ತು ವರ್ಷ ಓಡಿಸಿದವರೂ ಕಾರಿಗೆ ಎಲ್ ಬೋರ್ಡು ಅಂಟಿಸಿಕೊಂಡು, ಹೆಂಡನ್ನಿನಲ್ಲೋ ಗುಡ್‌ಮೇಸಿನಲ್ಲೋ ಪರೀಕ್ಷೆಗೆ ಕೂರಬೇಕು. ಜಪಾನಿನಿಂದಲೋ ಜಿಂಬಾಬ್ವೆಯಿಂದಲೋ ಬಂದವರು ತಮ್ಮ ಲೈಸೆನ್ಸನ್ನು ಇಲ್ಲಿನದಕ್ಕೆ ಬದಲಾಯಿಸಿಕೊಳ್ಳಬಹುದು, ನಮಗೆ ಆ ಸೌಲಭ್ಯ ಇಲ್ಲ. ಇದರ ಕಿರಿಕಿರಿ ಉಂಡವರಾದ್ದರಿಂದ, ಹಳ್ಳಿಯವನಿಗೆ ಬೇರೆ ನಿಯಮ ಎಂದ ಕೂಡಲೇ ಅದನ್ನು ಉಪಕಾರವೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ.

ಈ ದೇಶದಲ್ಲಿ ಚಾಲನಾ ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. ಪರೀಕ್ಷೆ ಎಲ್ಲಿ ಪಾಸು ಮಾಡಿದರೂ ಕೈಗೆ ಸಿಗುವ ಲೈಸೆನ್ಸು ಒಂದೇ. ಪರೀಕ್ಷೆ ನಡೆಯುವ ರಸ್ತೆಗಳು ಮಾತ್ರ ಒಂದೇ ಅಲ್ಲ. ಸ್ಕಾಟ್ಲೆಂಡಿನ ದೂರದ ದ್ವೀಪದಲ್ಲಿ, ಟ್ರಾಫಿಕ್ ಸಿಗ್ನಲ್ಲೇ ಇಲ್ಲದ ಊರಿನಲ್ಲಿ ಪಾಸಾದ ಹುಡುಗಿ ಮರುದಿನ ಹೈಡ್ ಪಾರ್ಕ್ ಕಾರ್ನರಿನಲ್ಲಿ ಕಾರು ಓಡಿಸಬಹುದು. ಇದನ್ನು ಕೇಳಿದರೆ ಲಂಡನ್ನಿನವರಿಗೆ ಗಾಬರಿಯಾಗುತ್ತದೆ. ಹೆಂಡನ್ನಿನಲ್ಲಿ ಪಾಸಾದ ನಮ್ಮ ಮಗ ಮರುದಿನ ವೇಲ್ಸಿನ ಬೆಟ್ಟದ ಕಿರುದಾರಿಗೆ ಇಳಿಯಬಹುದು ಎಂಬುದಕ್ಕೆ ಮಾತ್ರ ನಾವು ಯಾರೂ ಗಾಬರಿಯಾಗುವುದಿಲ್ಲ. ಎರಡು ಕಡೆಯೂ ಬೇಲಿ, ಎದುರಿನ ತಿರುವು ಕಾಣದು, ಕಂಬದ ಮೇಲಿನ ಫಲಕ ಅರವತ್ತು ಮೈಲಿಯ ವೇಗಕ್ಕೆ ಅನುಮತಿ ಕೊಡುತ್ತದೆ. ಲಂಡನ್ನಿನ ಇಪ್ಪತ್ತು ಮೈಲಿಯ ಬೀದಿಗಳಲ್ಲಿ ಕಲಿತವನಿಗೆ ಅಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಸರಿದು ದಾರಿ ಬಿಡುವ ಅಭ್ಯಾಸವೂ ಇರುವುದಿಲ್ಲ.

ಖಾಲಿ ರಸ್ತೆ ಎಂದರೆ ಅಪಾಯವಿಲ್ಲದ ರಸ್ತೆ ಎಂಬ ನಂಬಿಕೆಯೇ ಈ ವಾದದ ಬುಡ. ಅದು ನಿಜವಲ್ಲ. ಬ್ರಿಟನ್ನಿನಲ್ಲಿ ರಸ್ತೆಯಲ್ಲಿ ಸಾಯುವ ಐವರಲ್ಲಿ ಸುಮಾರು ಮೂವರು ಗ್ರಾಮಾಂತರ ರಸ್ತೆಗಳಲ್ಲೇ ಸಾಯುತ್ತಾರೆ. ಭಾರತದಲ್ಲೂ ರಸ್ತೆ ಸಾವುಗಳ ಸುಮಾರು ಮೂರರಲ್ಲಿ ಎರಡು ಪಾಲು ಗ್ರಾಮಾಂತರದ್ದು. ಪಟ್ಟಣದ ಸಂದಣಿ ಬಂಪರಿಗೆ ಪೆಟ್ಟು ಕೊಡುತ್ತದೆ, ಹಳ್ಳಿಯ ವೇಗ ಪ್ರಾಣ ತೆಗೆಯುತ್ತದೆ. ಅಪಘಾತವಾದರೆ ಆಂಬುಲೆನ್ಸು ಬರುವುದೂ ತಡ. ಹೀಗಾಗಿ ಹಳ್ಳಿಗೆ ಪ್ರತ್ಯೇಕ ಪರೀಕ್ಷೆ ಇಡುವುದೇ ಆದರೆ ಅದು ಕಷ್ಟದ ಪರೀಕ್ಷೆಯಾಗಬೇಕು, ಸುಲಭದ್ದಲ್ಲ. ಇನ್ನೊಂದು ಮಾತು: ಹಳ್ಳಿಯ ಚಾಲಕನಿಗೆ ಕೊಡುವ ರಿಯಾಯಿತಿಯ ಬೆಲೆ ತೆರುವವರು ಪಟ್ಟಣದವರಲ್ಲ. ಅದೇ ರಸ್ತೆಯ ಅಂಚಿನಲ್ಲಿ ಶಾಲೆಗೆ ನಡೆದು ಹೋಗುವ ಅವನ ನೆರೆಮನೆಯ ಮಕ್ಕಳು, ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸು.

ಹಾಗೆಂದು ಇರುವ ನಿಯಮಗಳೆಲ್ಲ ನ್ಯಾಯವಾದವು ಎನ್ನಲಾರೆ. ಭಾರತದಲ್ಲಿ ಲಾರಿ, ಬಸ್ಸು, ಟ್ಯಾಕ್ಸಿಗಳ ಚಾಲಕರು ಎಂಟನೆಯ ತರಗತಿ ಪಾಸಾಗಿರಬೇಕು ಎಂಬ ನಿಯಮ ಬಹಳ ಕಾಲ ಇತ್ತು. ಹರಿಯಾಣದ ಮೇವಾತ್ ಪ್ರದೇಶದಲ್ಲಿ ಚಾಲಕ ವೃತ್ತಿಯನ್ನೇ ನಂಬಿದ ಬಡ ಕುಟುಂಬಗಳಿಗೆ ಇದು ಅಡ್ಡಿಯಾಗಿದೆ ಎಂದು ಆ ರಾಜ್ಯ ಕೇಳಿಕೊಂಡಿತು. ಕೇಂದ್ರ ಸರ್ಕಾರ 2019ರಲ್ಲಿ ಈ ನಿಯಮವನ್ನು ಇಡೀ ದೇಶಕ್ಕೇ ತೆಗೆದುಹಾಕಿತು. ಅದೇ ವರ್ಷ ರಾಜಸ್ಥಾನದ ಹೈಕೋರ್ಟು ಓದು ಬರಹ ಬಾರದವರಿಗೆ ಲೈಸೆನ್ಸು ಕೊಡಬಾರದು ಎಂದಿತ್ತು. ನನಗೆ ಸರ್ಕಾರದ ತೀರ್ಮಾನವೇ ಸರಿ ಎನಿಸುತ್ತದೆ. ಎಂಟನೆಯ ತರಗತಿಯ ಸರ್ಟಿಫಿಕೇಟು ಬ್ರೇಕು ಹಾಕುವುದಿಲ್ಲ. ರಸ್ತೆಯ ಗುರುತುಗಳು ಬಹುಪಾಲು ಚಿತ್ರಗಳೇ, ಅವನ್ನು ಬಾಯಿಮಾತಿನಲ್ಲಿ ಕಲಿಸಬಹುದು, ಬಾಯಿಮಾತಿನಲ್ಲಿ ಪರೀಕ್ಷಿಸಲೂಬಹುದು. ಹಳ್ಳಿಯ ಬಡವರನ್ನು ಹೊರಗಿಟ್ಟಿದ್ದ ಆ ನಿಯಮದಿಂದ ರಸ್ತೆಯಲ್ಲಿ ಯಾರಿಗೂ ರಕ್ಷಣೆ ಸಿಗುತ್ತಿರಲಿಲ್ಲ. ಕಣ್ಣಿನ ದೃಷ್ಟಿ, ಗಾಡಿಯ ಮೇಲಿನ ಹಿಡಿತ, ಕುಡಿಯದಿರುವುದು ಹಾಗಲ್ಲ. ಇಪ್ಪತ್ತು ಮೀಟರಿನಿಂದ ನಂಬರ್ ಪ್ಲೇಟು ಓದಲಾಗದವನು ಸಿಲ್ಕ್ ಬೋರ್ಡಿನಲ್ಲೂ ಅಪಾಯ, ಶ್ರೀರಂಗಪಟ್ಟಣದ ಗದ್ದೆಯ ಬದಿಯಲ್ಲೂ ಅಪಾಯ.

ಕೆಲಸಕ್ಕೆ ತಕ್ಕ ರಿಯಾಯಿತಿಯೂ ಸಾಧ್ಯವಿದೆ. ಇಲ್ಲಿ ಕಾರು ಓಡಿಸಲು ಹದಿನೇಳು ಆಗಬೇಕು, ಆದರೆ 2.45 ಮೀಟರಿಗಿಂತ ಕಡಿಮೆ ಅಗಲದ ಟ್ರ್ಯಾಕ್ಟರನ್ನು ಪರೀಕ್ಷೆ ಪಾಸಾದ ಹದಿನಾರರ ಹುಡುಗ ರಸ್ತೆಗೆ ತರಬಹುದು. ಅವನ ಮನೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಹ್ಯಾರೋವಿನ ಹುಡುಗನಿಗೂ ಅದೇ ನಿಯಮ. (ಅವನಿಗೆ ಟ್ರ್ಯಾಕ್ಟರ್ ಎಲ್ಲಿಂದ ಸಿಗುತ್ತದೋ ಅದು ಬೇರೆ ಮಾತು!) ನಮ್ಮ ಊರುಗಳಲ್ಲಿ ಹದಿನಾಲ್ಕರ ಹುಡುಗ ಟ್ರೈಲರ್ ತುಂಬ ಮದುವೆ ದಿಬ್ಬಣವನ್ನು ಹೇರಿಕೊಂಡು ಹೋಗುವುದನ್ನು ರಿಯಾಯಿತಿ ಎನ್ನಲಾಗದು.

ಇಷ್ಟು ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ನಿಯಮ ಒಂದೇ ಆದರೂ ಲೈಸೆನ್ಸು ಕಳೆದುಕೊಂಡಾಗ ಆಗುವ ನಷ್ಟ ಒಂದೇ ಅಲ್ಲ. ಹ್ಯಾರೋವಿನ ಎಪ್ಪತ್ತೈದರ ಅಜ್ಜ ಕಾರಿನ ಕೀಲಿಯನ್ನು ಮಗನಿಗೆ ಕೊಟ್ಟು, ಫ್ರೀಡಂ ಪಾಸ್ ಜೇಬಿಗೆ ಹಾಕಿಕೊಂಡು ದೇವಸ್ಥಾನಕ್ಕೂ ಆಸ್ಪತ್ರೆಗೂ ಹೋಗಿಬರಬಹುದು. ನಾರ್ಫಕ್ಕಿನ ಹಳ್ಳಿಯ ಅಜ್ಜನಿಗೂ ಬಸ್ ಪಾಸ್ ಇದೆ, ಬಸ್ಸು ಬರುವುದೇ ಅಪರೂಪ. ಅವನಿಗೆ ಲೈಸೆನ್ಸು ಹೋಯಿತೆಂದರೆ ಅಂಗಡಿ, ಡಾಕ್ಟರು, ಸ್ನೇಹಿತರು ಎಲ್ಲವೂ ಹೋದಂತೆ. ಕಾನೂನಿಗೂ ಇದು ಗೊತ್ತಿದೆ. ಮೂರು ವರ್ಷದಲ್ಲಿ ಹನ್ನೆರಡು ಪಾಯಿಂಟು ಬಿದ್ದವರಿಗೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ನಿಷೇಧ, ಆದರೆ ಅಸಾಧಾರಣ ಕಷ್ಟವಾಗುತ್ತದೆ ಎಂದು ರುಜುವಾತು ಮಾಡಿದರೆ ಕೋರ್ಟು ಬಿಡಬಹುದು. ಬಸ್ಸಿಲ್ಲದ ಊರಿನವರು ಈ ಮಾತು ಹೇಳಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಆ ಅಜ್ಜನಿಗೆ ಸಮಾಜ ಬಸ್ಸನ್ನು ಕೊಡಬೇಕೇ ಹೊರತು ಸಡಿಲ ಕಣ್ಣಿನ ಪರೀಕ್ಷೆಯನ್ನಲ್ಲ. ಕರ್ನಾಟಕದಲ್ಲಿ 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ ಹಳ್ಳಿಯ ಹೆಂಗಸರು ಬಸ್ಸು ತುಂಬಿಸಿದ್ದನ್ನು ನೋಡಿ ಹಾಸ್ಯ ಮಾಡಿದವರು ಬಹಳ. ಲೈಸೆನ್ಸೂ ಗಾಡಿಯೂ ಇಲ್ಲದವರು ಅಲ್ಲಿಯವರೆಗೆ ಎಷ್ಟು ಕಡೆ ಹೋಗದೆ ಉಳಿದಿದ್ದರು ಎಂಬುದು ಆ ಬಸ್ಸುಗಳಲ್ಲಿ ಕಾಣುತ್ತಿತ್ತು.

ಆದರೆ ನಾರ್ಫಕ್ಕಿಗೆ ಬಸ್ಸು ನಾಳೆಯೇ ಬರುವುದಿಲ್ಲ. ಎಪ್ಪತ್ತು ದಾಟಿದವರು ಮೂರು ವರ್ಷಕ್ಕೊಮ್ಮೆ ತಾವು ಸಮರ್ಥರೆಂದು ತಾವೇ ಬರೆದುಕೊಟ್ಟು ಲೈಸೆನ್ಸು ಮುಂದುವರಿಸಿಕೊಳ್ಳುವ ಈ ದೇಶದಲ್ಲಿ, ಆ ಅಜ್ಜ ಏನು ಬರೆಯುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ. "ಇನ್ನು ಓಡಿಸಬೇಡಿ" ಎಂದು ಅವನಿಗೆ ಹೇಳಬೇಕಾದ ಕೆಲಸ ಕೊನೆಗೆ ಅವನ ಡಾಕ್ಟರ ಪಾಲಿಗೆ ಬರುತ್ತದೆ. ನಮ್ಮ ಸದಸ್ಯರಲ್ಲಿ ಹಲವರು ಲಂಡನ್ನಿನ ಆಚೆಯ ಊರುಗಳಲ್ಲಿ ವೈದ್ಯರಾಗಿ ದುಡಿದವರು. ಆ ಮಾತನ್ನು ಎದುರಿಗೆ ಕೂತ ರೋಗಿಗೆ ಹೇಗೆ ಹೇಳುತ್ತಾರೆ, ಹೇಳಿದ ಮೇಲೆ ಅವರಿಗೆ ಏನನಿಸುತ್ತದೆ ಎಂದು ಮುಂದಿನ ಸಂಚಿಕೆಗೆ ಬರೆದುಕೊಟ್ಟರೆ ನನ್ನಂಥವರಿಗೆ ಉಪಯೋಗವಾಗುತ್ತದೆ.