ಗ್ರಂಥಋಣವೂ ಗೋಪ್ಯವೂ

ಋಷಿಋಣವು ಅಧ್ಯಯನದಿಂದ ತೀರತಕ್ಕದ್ದೆಂಬುದು ಶಾಸ್ತ್ರದ ಮತ. ವಿದ್ವತ್ಪ್ರಬಂಧದ ತುದಿಯಲ್ಲಿ ಬರುವ ಗ್ರಂಥಸೂಚಿಯನ್ನು, ತೀರದೆ ಉಳಿದರೂ ಮರೆಯದೆ ಒಪ್ಪಿಕೊಂಡ ಆ ಸಾಲದ ಲೆಕ್ಕವೆಂದೇ ನಾನು ಬಹುಕಾಲ ಭಾವಿಸಿದ್ದೆನು. ಆದರೆ 1985ರಲ್ಲಿ ಓರೆನ್ ಪಟಾಷ್ನಿಕ್ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಅವರು ರೂಪಿಸಿದ ಬಿಬ್‌ಟೆಕ್ ಎಂಬ ಕ್ರಮದಲ್ಲಿ ಬರೆದಿಟ್ಟ ನನ್ನ ಗ್ರಂಥಸೂಚಿಯ ಕಡತವನ್ನು ಸಹಲೇಖಕರೊಬ್ಬರಿಗೆ ಕಳುಹಿಸಹೊರಟ ದಿನ, ಆ ಲೆಕ್ಕದಲ್ಲಿ ಸಾಲದ ಜೊತೆಗೆ ಸಾಲಗಾರನ ಮನೆಯ ಗುಟ್ಟುಗಳೂ ನಮೂದಾಗಿರುವುದು ಕಣ್ಣಿಗೆ ಬಿದ್ದಿತು.

ಕರ್ತೃ, ಶೀರ್ಷಿಕೆ, ವರ್ಷ ಎಂಬ ಫೀಲ್ಡ್‌ಗಳ ಕೆಳಗೆ ‘ಫೈಲ್’ ಎಂಬುದೊಂದು. ನನ್ನ ಕಂಪ್ಯೂಟರಿನ ಯಾವ ಫೋಲ್ಡರಿನೊಳಗೆ ಆ ಪುಸ್ತಕದ ಪ್ರತಿ ಇದೆಯೆಂಬ ವಿಳಾಸ ಅದರಲ್ಲಿ, ನನ್ನ ಹೆಸರಿನ ಸಹಿತ. ‘ಅನ್ನೋಟ್’ ಎಂಬುದು ಇನ್ನೊಂದು; ಓದುವಾಗ ಗೀಚಿದ ಟಿಪ್ಪಣಿಗಳ ಮನೆ. ಗುರುತಿಲ್ಲದ ಫೀಲ್ಡನ್ನು ಬಿಬ್‌ಟೆಕ್ ತಕರಾರಿಲ್ಲದೆ ದಾಟಿಹೋಗುವುದರಿಂದ ಅಚ್ಚಾದ ಪುಟದಲ್ಲಿ ಇಂಥವು ಕಾಣವು. ಕಡತವೇ ಕೈದಾಟಿದರೆ ಎಲ್ಲವೂ ಬಯಲು.

ಇವನ್ನು ತೆಗೆಯಲು ಕಮಾಂಡ್ ಲೈನಿನಲ್ಲಿ ಓಡುವ ಪುಟ್ಟ ಸ್ಕ್ರಿಪ್ಟೊಂದನ್ನು ಬರೆದೆನು. ಸಾಲು ಅಳಿಸಿದರಾಯಿತೆಂದುಕೊಂಡದ್ದು ತಪ್ಪಾಯಿತು: ನಾಲ್ಕು ಸಾಲಿನ ಟಿಪ್ಪಣಿಯ ತಲೆ ಹೋಗಿ ಬಾಲ ಉಳಿಯಿತು, ತೆರೆದ ಬ್ರ್ಯಾಕೆಟ್ಟುಗಳನ್ನೂ ಮುಚ್ಚಿದವನ್ನೂ ಎಣಿಸುವುದನ್ನು ಸ್ಕ್ರಿಪ್ಟಿಗೆ ಕಲಿಸಬೇಕಾಯಿತು. ಅದಕ್ಕಿಂತ ತೊಡಕಿನ ಪ್ರಶ್ನೆಯೆಂದರೆ, ಅಳಿಸಬೇಕಾದುದರ ಪಟ್ಟಿಯನ್ನು ಕೊಡುವುದೋ, ಉಳಿಸಬೇಕಾದುದರ ಪಟ್ಟಿಯನ್ನೋ ಎಂಬುದು. ಬೃಹದಾರಣ್ಯಕದ ನೇತಿಮಾರ್ಗವನ್ನು ಹಿಡಿದು ಒಂದೊಂದನ್ನೇ ಅಲ್ಲಗಳೆಯುತ್ತ ಹೋದರೆ, ನಾಳೆ ಬೇರೊಂದು ಸಾಫ್ಟ್‌ವೇರು ಹೊಸ ಹೆಸರಿನ ಫೀಲ್ಡೊಂದನ್ನು ಸೇರಿಸೀತು; ನಿಷೇಧಕ್ಕೆ ಕೊನೆಯಿಲ್ಲ. ಆದುದರಿಂದ ಉಳಿಸತಕ್ಕವುಗಳನ್ನೇ ಹೆಸರಿಸಿದೆನು. ಆದರೂ ಯಂತ್ರವು ಬಲ್ಲುದು ನಾಮವನ್ನು ಮಾತ್ರ. ಅಚ್ಚಾಗತಕ್ಕ ‘ನೋಟ್’ ಫೀಲ್ಡಿನೊಳಗೆ ನಾನೇ ಅಜಾಗ್ರತೆಯಿಂದ ಬರೆದಿಟ್ಟ ಖಾಸಗಿ ಮಾತನ್ನು ಅದು ಭಯಭಕ್ತಿಯಿಂದ ಕಾಪಾಡುತ್ತದೆ.

ಹಾಗಾಗಿ ಒಂದೊಂದು ನಮೂದನ್ನೂ ಕಣ್ಣಾರೆ ನೋಡುತ್ತ ಹೋದಾಗ ಅಂಥದೊಂದು ಎದುರಾಯಿತು: ‘ಮೂರನೆಯ ಅಧ್ಯಾಯ ಟೊಳ್ಳು, ಉಲ್ಲೇಖಿಸದಿದ್ದರೆ ಮುನಿದಾರು.’ ಪ್ರಬಂಧದಲ್ಲಾದರೋ ಅದೇ ಗ್ರಂಥವನ್ನು ‘ಮೌಲಿಕ’ವೆಂದು ಹೊಗಳಿದ್ದೆನು! ಫೋಲ್ಡರಿನ ವಿಳಾಸವನ್ನು ಮರೆಮಾಡುವುದು ಮನೆಯ ಬಾಗಿಲನ್ನು ಮುಂದೆ ಮಾಡಿಕೊಂಡಂತೆ, ಅದರಲ್ಲಿ ಅಸತ್ಯವೇನೂ ಇಲ್ಲ. ಈ ಟಿಪ್ಪಣಿಯನ್ನು ಅಳಿಸಿದರೆ ನನ್ನ ಎರಡು ನಾಲಗೆಗೆ ಇದ್ದ ಒಂದೇ ಸಾಕ್ಷಿಯೂ ಅಳಿಯುತ್ತದೆ. ಪತಂಜಲಿಯು ಸತ್ಯವನ್ನು ಮೊದಲು ಯಮಗಳಲ್ಲಿ ಎಣಿಸಿ, ಶೌಚವನ್ನು ಆಮೇಲೆ ನಿಯಮಗಳ ಸಾಲಿಗೆ ಸೇರಿಸಿದ್ದು ಇಂಥ ಶುದ್ಧಿಯನ್ನು ಕಂಡೇ ಇರಬೇಕು.

‘ಮೌಲಿಕ’ವನ್ನು ಹೊಡೆದುಹಾಕಿ, ಮೂರನೆಯ ಅಧ್ಯಾಯವನ್ನು ನಾನೇಕೆ ಒಪ್ಪಲಾರೆನೆಂಬುದನ್ನು ಪುಟಸಂಖ್ಯೆಯ ಸಹಿತ ಪ್ರಬಂಧದಲ್ಲಿಯೇ ಬರೆದೆನು. ಆಮೇಲೆ ಆ ಟಿಪ್ಪಣಿಯನ್ನು ಕೈಯಾರೆ ಅಳಿಸಿ, ಎಂಟರ್ ಒತ್ತಿದೆನು.