ನಿಂತ ಗಾಲಿಯ ಹೊಣೆ

ನಮ್ಮ ಅಕ್ಕೋಳ ವೇದಗಂಗೆಯ ದಂಡೆಯ ಊರು. ಪಡುವಣದ ಸಹ್ಯಾದ್ರಿಯಲ್ಲಿ ಮಳೆ ಹಿಡಿಯಿತೆಂದರೆ ಇಲ್ಲಿ ಹೊಳೆ ಏರುತ್ತದೆ. ಅಕ್ಕೋಳ-ಸಿದ್ನಾಳದ ನಡುವಿನ ಸೇತುವೆ ಎಷ್ಟೋ ಸಲ ನೀರಿನಡಿಗೆ ಹೋಗುತ್ತದೆ. ಎರೆಹೊಲದ ದಾರಿಯಲ್ಲಿ ಕಾಲಿಟ್ಟರೆ ಕಾಲು ಹುಗಿಯುತ್ತದೆ. ಆಗ ಜಾತ್ರೆಯ ಚಕ್ಕಡಿಗೆ ಕೆಲಸವಿಲ್ಲ. ಕಮಾನು ಬಿಚ್ಚಿ, ತಟ್ಟು ಮಡಚಿ ಅಟ್ಟಕ್ಕೇರಿಸಿ, ಅದನ್ನು ಚಪ್ಪರದಡಿಗೆ ನೂಕಿ ನಿಲ್ಲಿಸಿದರೆ ಮತ್ತೆ ಅದರ ನೆನಪಾಗುವುದು ಚಳಿಗಾಲದಲ್ಲಿ, ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಮಾಘಮಾಸದ ಜಾತ್ರೆ ಹತ್ತಿರ ಬಂದಾಗ. ದಾರಿಯಲ್ಲಿ ರಾತ್ರಿ ಕಳೆಯಬೇಕು. ಹಾಸಿಗೆ, ಹಿಟ್ಟಿನ ಚೀಲ, ರೊಟ್ಟಿಯ ಗಂಟು, ಎತ್ತಿನ ಮೇವು, ಮುದುಕರು, ಮಕ್ಕಳು ಎಲ್ಲವೂ ಅದರೊಳಗೇ. ಒಂದು ಮನೆಯೇ ಗಾಲಿಯ ಮೇಲೆ ಹೊರಡುತ್ತದೆ ಎನ್ನಬೇಕು. ಈಗ ಬಹಳ ಮನೆಗಳಲ್ಲಿ ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರಿನ ಟ್ರೇಲರು ಬಂದಿದೆ. ತಾಡಪತ್ರಿ ಹೊದಿಸಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡದವರೆಗೂ ಹೋಗಿ ಬರುತ್ತಾರೆ. ಆದರೂ ಚಿಂಚಲಿಗೆ ಎತ್ತು ಹೂಡಿಕೊಂಡೇ ಹೋಗುವವರು ಇನ್ನೂ ಇದ್ದಾರೆ.

ಹೀಗೆ ತಿಂಗಳುಗಟ್ಟಲೆ ಯಾರೂ ಮುಟ್ಟದೆ ನಿಂತ ವಸ್ತು ದಾರಿಯ ನಡುವೆ ಮುರಿದರೆ ನಾವು ಅದನ್ನು ಆಕಸ್ಮಿಕವೆನ್ನುತ್ತೇವೆ. ದೈವಯೋಗವೆನ್ನುವುದೂ ಉಂಟು. ಹಾಗೆನ್ನಲು ನಮಗೆ ಹಕ್ಕಿದೆಯೆ ಎಂಬುದು ನನ್ನನ್ನು ಬಹುದಿನದಿಂದ ಕಾಡಿದ ಪ್ರಶ್ನೆ.

ಓಡಿದ ಗಾಲಿ ಸವೆಯುತ್ತದೆ, ನಿಂತದ್ದು ಇದ್ದ ಹಾಗೆಯೇ ಇರುತ್ತದೆ ಎಂದು ಮನಸ್ಸು ಸುಲಭವಾಗಿ ನಂಬುತ್ತದೆ. ಮರದ ಗಾಲಿಯ ಸ್ವಭಾವವನ್ನು ಬಲ್ಲವರು ಹಾಗೆ ನಂಬಲಾರರು. ಗಾಲಿಯ ಸುತ್ತಿನ ಕಬ್ಬಿಣದ ಹಳಿಯನ್ನು ಮರದ ಸುತ್ತಳತೆಗಿಂತ ತುಸು ಕಡಿಮೆಯಾಗಿ ಮಾಡಿರುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಇಕ್ಕಳದಿಂದ ಹಿಡಿದು ಗಾಲಿಗೆ ಕೂರಿಸಿ ನೀರು ಹೊಯ್ದರೆ ಕುಗ್ಗಿ, ಮರದ ತುಂಡುಗಳನ್ನೂ ಅರಗಳನ್ನೂ ಒಟ್ಟಿಗೆ ಅಪ್ಪಿಕೊಳ್ಳುತ್ತದೆ. ಮುಂದೆ ಬಿಸಿಲಿಗೆ ಮರ ಒಣಗಿ ಕುಗ್ಗಿದಾಗ ಹಳಿ ಸಡಿಲಾಗುತ್ತದೆ. ಮಳೆಗಾಲದಲ್ಲಿ ನಿಂತ ಗಾಲಿ ಗಾಳಿಯ ತೇವವನ್ನೆಲ್ಲ ಕುಡಿದು ಉಬ್ಬುತ್ತದೆ; ಒಳಗೆ ಸಡಿಲಾದದ್ದೂ ಹೊರಗೆ ಬಿಗಿಯಾಗಿಯೇ ತೋರುತ್ತದೆ. ಅದನ್ನು ನಂಬಿ ಹೊರಟವನಿಗೆ ಎರಡನೆಯ ದಿನದ ಒಣಗಾಳಿಯಲ್ಲಿ ಅರಗಳು ಲಟಲಟ ಎನ್ನತೊಡಗಿದಾಗ ನಿಜ ಗೊತ್ತಾಗುತ್ತದೆ. ಅದು ತೇವದ ಬಿಗಿ, ಕಟ್ಟಿನ ಬಿಗಿಯಲ್ಲ. (ಕೆಲವು ನೆಂಟಸ್ತಿಕೆಗಳಲ್ಲಿಯೂ ಇಂಥ ಬಿಗಿಯನ್ನು ಕಂಡಿದ್ದೇನೆ.)

ಅದಕ್ಕೇ ಅನುಭವಸ್ಥರು ಹೊರಡುವುದಕ್ಕೆ ಎಷ್ಟೋ ದಿನ ಮೊದಲೇ ಚಕ್ಕಡಿಯನ್ನು ಬಿಸಿಲಿಗೆಳೆದು ನಿಲ್ಲಿಸುತ್ತಿದ್ದರು. ಮರ ಒಣಗಿದ ಮೇಲೆ ಸುತ್ತಿಗೆಯಿಂದ ತಟ್ಟಿ ದನಿ ಕೇಳುವುದು. ಗಾಲಿ ಕಳಚಿ ಅಚ್ಚಿನ ಮೇಲಿನ ಹಳೆಯ ಕೀಲೆಣ್ಣೆಯನ್ನು ಒರೆಸಿ ತೆಗೆಯುವುದು. ಮಣ್ಣು ಬೆರೆತ ಹಳೆಯ ಎಣ್ಣೆ ಅಚ್ಚನ್ನು ಕಾಯುವುದಿಲ್ಲ, ಅರೆಯುತ್ತದೆ. ಹುಲ್ಲಿನ ಬೂದಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಹೊಸದಾಗಿ ಬಳಿಯುವುದು. ಗಾಲಿ ಕಳಚಿ ಹೋಗದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿ ಸವೆದಿದೆಯೆ, ಅಟ್ಟದ ಮೇಲಿನ ಮಿಣಿಯನ್ನು ಇಲಿ ಕಡಿದಿದೆಯೆ, ನೊಗದ ಜತ್ತಿಗೆ ಗಟ್ಟಿಯಿದೆಯೆ ಎಂದು ನೋಡುವುದು. ಹೊಲದಲ್ಲಿ ದುಡಿಯುವ ಎತ್ತಿಗೆ ಬೇಕಿಲ್ಲದ ಲಾಳ ಡಾಂಬರಿನ ರಸ್ತೆಗೆ ಬೇಕು. ಅದನ್ನೂ ಹೊರಡುವ ಹಿಂದಿನ ದಿನ ಕಟ್ಟಿಸುತ್ತಿರಲಿಲ್ಲ, ನಡೆದು ರೂಢಿಯಾಗಲೆಂದು ಮೊದಲೇ ಕಟ್ಟಿಸುತ್ತಿದ್ದರು.

ಟ್ರೇಲರಿನದೂ ಇದೇ ಕಥೆ. ಒಂದೇ ಕಡೆ ಭಾರ ಹೊತ್ತು ನಿಂತ ಟಾಯರಿನ ಪಕ್ಕಗಳು ಓಡದೆಯೇ ಬಿರಿಯುತ್ತವೆ. ಗಾಲಿಯ ಬೇರಿಂಗಿನೊಳಕ್ಕೆ ನೀರು ಹೋದರೆ ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ನಮ್ಮ ಹೊಳೆಗಳು ಉಕ್ಕಿದಾಗ ನೀರಿನಲ್ಲಿ ನಿಂತ ಗಾಡಿಗಳನ್ನು ತೊಳೆದು ಬಣ್ಣ ಹಚ್ಚಿದವರನ್ನು ಕಂಡೆ. ಬೇರಿಂಗು ಬಿಚ್ಚಿದವರು ಕಡಿಮೆ. ಚಳಿದೇಶಗಳಲ್ಲಿ ಮಲಗುವ, ಅಡಿಗೆಮಾಡುವ ಸೌಕರ್ಯವಿರುವ ಮೋಟಾರು ಮನೆಗಳನ್ನು ಚಳಿಗಾಲದುದ್ದಕ್ಕೂ ಮುಚ್ಚಿ ನಿಲ್ಲಿಸುತ್ತಾರೆ. ಹೆಪ್ಪುಗಟ್ಟುವ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಕೊಳವೆಯಲ್ಲಿ ಉಳಿದ ನೀರು ಕೊಳವೆಯನ್ನೇ ಸೀಳಬಲ್ಲದು. ವಸಂತದಲ್ಲಿ ಅವರು ಕೊಳವೆ, ಅನಿಲದ ನಳಿಗೆ, ಟಾಯರುಗಳನ್ನು ಪರೀಕ್ಷಿಸಿಯೇ ಹೊರಡಬೇಕು. ಅಲ್ಲಿ ಹಿಮ ಮಾಡುವುದನ್ನು ಇಲ್ಲಿ ನಮ್ಮ ಮಳೆ ಮಾಡುತ್ತದೆ.

ನಾವೂ ವರ್ಷಕ್ಕೊಮ್ಮೆ ಗಾಡಿಯ ಮುಂದೆ ನಿಲ್ಲುವುದುಂಟು, ಖಂಡೇನವಮಿಯ ದಿನ. ನೊಗಕ್ಕೆ ಅರಿಸಿನ ಕುಂಕುಮ, ಗಾಲಿಗೆ ಚೆಂಡು ಹೂವಿನ ಮಾಲೆ, ಟ್ರ್ಯಾಕ್ಟರಿನ ಮುಂದೆ ತೆಂಗಿನಕಾಯಿ. ಈ ಹಬ್ಬವನ್ನು ನಾನು ಹಗುರಾಗಿ ಕಾಣುವವನಲ್ಲ. ದುಡಿಯುವ ಕಬ್ಬಿಣಕ್ಕೆ ಕೈಮುಗಿಯುವ ಜನ ನಾವೆಂಬುದು ನನಗೆ ಹೆಮ್ಮೆಯ ವಿಷಯವೇ. ಆದರೆ ಮಾಲೆ ಹಾಕಿದ ಕೈ ಗಾಲಿಯನ್ನೊಮ್ಮೆ ಅಲುಗಿಸಿ ನೋಡಲಿಲ್ಲವೆಂದರೆ, ಆ ಪೂಜೆಯನ್ನು ಗಾಲಿಗೆ ಮಾಡಿದೆವೋ ನಮ್ಮ ಅಂಜಿಕೆಗೆ ಮಾಡಿದೆವೋ ಹೇಳುವುದು ಕಷ್ಟ.

ಹೊಣೆಯ ಈ ಪ್ರಶ್ನೆ ಹಳೆಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯಿಂದಾದ ಹಾನಿಯ ವಿಚಾರ ಬರುತ್ತದೆ. ಆ ಗ್ರಂಥದ ಬೇರೆ ಎಷ್ಟೋ ವಿಧಿಗಳೊಡನೆ ನನಗೆ ಜಗಳವುಂಟು. ಅದು ಇಲ್ಲಿ ಬೇಡ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚಾಗಲಿ ಗಾಲಿಯಾಗಲಿ ಮುರಿದರೆ, ಬಾರು ಹಗ್ಗಗಳು ಕಡಿದರೆ, ಸರಿಯಿರೆಂದು ಹೊಡೆಯುವವನು ಕೂಗಿದ್ದರೆ ದಂಡವಿಲ್ಲವೆಂದು ಅಲ್ಲಿ ಹೇಳಿದೆ. ನಾನು ತಡೆಯುವುದು ಇಲ್ಲಿಯೇ. ನಿನ್ನೆ ನೋಡಿ ಎಣ್ಣೆ ಹಾಕಿದ ಅಚ್ಚು ಇಂದು ಮುರಿದರೆ ಅದು ಆಕಸ್ಮಿಕ. ಐದು ತಿಂಗಳು ಯಾರೂ ನೋಡದ ಅಚ್ಚು ಮುರಿದರೆ ಅದು ಮುರಿದದ್ದು ಇಂದಲ್ಲ. ಚಪ್ಪರದಡಿಯಲ್ಲಿ, ನಾವು ಕಂಬಳಿ ಹೊದ್ದು ಶೇಂಗಾ ತಿನ್ನುತ್ತಿದ್ದಾಗಲೇ. ಯುದ್ಧದಲ್ಲಿ ದಶರಥನ ರಥದ ಕಡಾಣಿ ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಇಟ್ಟಳೆಂದು ನಮ್ಮ ಕಥೆಗಾರರು ಹೇಳುತ್ತಾರೆ. ಅವಳ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಆ ದಿನ ಬೆಳಿಗ್ಗೆ ರಥವನ್ನು ಹೊರಡಿಸಿದವನಾರೆಂದು ಯಾರೂ ಕೇಳುವುದಿಲ್ಲ. ಅವನೊಮ್ಮೆ ಬಗ್ಗಿ ನೋಡಿದ್ದರೆ ಎರಡು ವರಗಳೂ ಇಲ್ಲ, ವನವಾಸವೂ ಇಲ್ಲ!

ಇದಕ್ಕೆ ಎದುರು ಮಾತಿದೆ, ಗಟ್ಟಿಯಾದ ಮಾತೇ. ಎಲ್ಲವನ್ನೂ ಹೀಗೆ ಸಂಶಯದಿಂದ ನೋಡುತ್ತ ಕುಳಿತರೆ ಯಾರೂ ಊರು ಬಿಡಲಾರರು. ಬಡವನಿಗೆ ವರ್ಷಕ್ಕೊಮ್ಮೆ ಟಾಯರು ಬದಲಿಸುವ, ಹಳಿ ಕಟ್ಟಿಸುವ ಶಕ್ತಿ ಎಲ್ಲಿದೆ? ಒಪ್ಪಿದೆ. ರಿಪೇರಿಗೆ ಹಣ ಬೇಕು, ನೋಡುವುದಕ್ಕೆ ಬೇಡ. ಕಂಡದ್ದನ್ನು ಹತ್ತಿ ಕೂರುವವರಿಗೆ ಹೇಳುವುದಕ್ಕೂ ಬೇಡ. ಹೇಳಿದ ಮೇಲೆ ಅವರು ತಮ್ಮ ಇಷ್ಟದಿಂದ ಹತ್ತಿದರೆ ಅದು ಬೇರೆ. ಎತ್ತಿಗೆ ಮಾತ್ರ ಹೇಳಿ ಒಪ್ಪಿಗೆ ಪಡೆಯುವಂತಿಲ್ಲ. ಒಣ ಅಚ್ಚಿನ ಭಾರವನ್ನು ಮೊದಲು ಹೆಗಲಲ್ಲಿ ಅರಿಯುವುದು ಅದೇ.

ನಾನು ಹುಡುಗನಾಗಿದ್ದಾಗ ನಮ್ಮ ಓಣಿಯ ಹಿರಿಯರೊಬ್ಬರು ಚಿಂಚಲಿಗೆ ಹೊರಡುವ ಹಿಂದಿನ ಸಂಜೆ ಕೀಲೆಣ್ಣೆ ಹಾಕುವಾಗ ಗಾಲಿಯ ಗುಂಬದಲ್ಲಿ ಕೂದಲೆಳೆಯಂಥ ಬಿರುಕನ್ನು ಕಂಡರು. ಸರಿಮಾಡಲು ಸಮಯವಿರಲಿಲ್ಲ. ಒಳಗೆ ಹೋಳಿಗೆ ಬೇಯುತ್ತಿತ್ತು. ಅವರ ತಾಯಿ ಚಕ್ಕಡಿಯಲ್ಲೇ ಬರುತ್ತೇನೆಂದು ಹರಕೆ ಹೊತ್ತವಳು. ಬಸ್ಸಿನ ಮಾತೆತ್ತಿದರೆ ಕೇಳಲೊಲ್ಲಳು. “ತಾಯಿ ಕರದಾಳ, ತಡಿಯಾಕ ನೀ ಯಾರೋ?” ಎಂದಳು. “ತಾಯಿ ನಿನ್ನ ಕರದಾಳ ಯವ್ವಾ, ಎತ್ತಿಗೆ ಕರದಿಲ್ಲ,” ಎಂದು ಅವರು ನೊಗ ಇಳಿಸಿದರು. ಮರುದಿನ ಓಣಿಯ ಬೇರೆ ಚಕ್ಕಡಿಗಳು ಹೋದವು, ಸುಖವಾಗಿ ಮರಳಿದವು. ಮುದುಕಿ ಮುಂದಿನ ಜಾತ್ರೆಯನ್ನು ಕಾಣಲಿಲ್ಲ; ಶ್ರಾವಣದಲ್ಲಿ ತೀರಿಕೊಂಡಳು. ಕೂದಲೆಳೆಗೆ ಹೆದರಿ ತಾಯಿಯ ಹರಕೆ ಮುರಿದವನೆಂದು ಜನ ಬಹಳ ಕಾಲ ಆಡಿಕೊಂಡರು.

ಅವರು ಮಾಡಿದ್ದು ಸರಿಯೆಂದೇ ನನ್ನ ಮತ. ಅದನ್ನು ಸಿದ್ಧಪಡಿಸಲು ಮಾತ್ರ ನನ್ನಿಂದಾಗದು, ಯಾರಿಂದಲೂ ಆಗದು. ತಪ್ಪಿಸಿದ ಅಪಘಾತಕ್ಕೆ ಸಾಕ್ಷಿಯಿಲ್ಲ. ಮುರಿಯದ ಗಾಲಿಯನ್ನು ತೋರಿಸಿ, ಇದು ಮುರಿಯುತ್ತಿತ್ತು ಎಂದರೆ ನಂಬುವವರಾರು? ತಪ್ಪದೇ ಬಂದದ್ದು ಮುದುಕಿಯ ಕಣ್ಣೀರು. ಅದನ್ನು ಎಲ್ಲರೂ ಕಂಡರು. ಆ ಗುಂಬವನ್ನು ಹೋಳಿಯ ಬೆಂಕಿಗೆ ಹಾಕಿದರು. ಬಿರುಕು ಎಷ್ಟು ಆಳವಿತ್ತೆಂದು ಸೀಳಿ ನೋಡುವ ಮನಸ್ಸು ಅವರಿಗೆ ಬರಲಿಲ್ಲ.

ಆ ಸಂಜೆ ಮನೆಯಲ್ಲಿ ಇನ್ನೊಬ್ಬರು ಅವರ ಪಕ್ಕ ನಿಂತು ದೀಪ ಹಿಡಿದು ಆ ಗಾಲಿಯನ್ನು ನೋಡಿದ್ದರೆ ಅವರ ಒಂಟಿತನ ಕಡಿಮೆಯಾಗುತ್ತಿತ್ತು ಎಂದು ಈಗ ಅನಿಸುತ್ತದೆ. ಮನುವಿನ ಅದೇ ಅಧ್ಯಾಯದಲ್ಲಿ ಮುಂದೆ ಇನ್ನೊಂದು ಮಾತಿದೆ: ಹೊಡೆಯುವವನು ಬಲ್ಲವನಾಗಿದ್ದರೆ ದಂಡ ಅವನಿಗೆ, ಅರಿಯದವನಾಗಿದ್ದರೆ ಗಾಡಿಯಲ್ಲಿ ಕುಳಿತವರಿಗೆಲ್ಲ ತಲಾ 100. ಇದನ್ನು ಮೊದಲು ಓದಿದಾಗ ವಿಚಿತ್ರವೆನಿಸಿತ್ತು, ಈಗ ಹಾಗೆನಿಸುವುದಿಲ್ಲ. ತನ್ನದೇ ಬ್ರೇಕು ಇಲ್ಲದ ಟ್ರೇಲರಿನಲ್ಲಿ, ಒಂದೇ ಪಿನ್ನಿನ ಆಧಾರದ ಮೇಲೆ, ಮೂವತ್ತು ಜನ ಹಾಡುತ್ತ ಹೊರಡುತ್ತಾರೆ. ಹಿಂದೆ ಕೆಂಪು ದೀಪವಿದೆಯೆ ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿದರೆ ಶುಭಕಾರ್ಯಕ್ಕೆ ಅಪಶಕುನ ನುಡಿದಂತೆ. ಈಚೆಗೆ ನಮ್ಮ ಓಣಿಯಿಂದ ಎಲ್ಲಮ್ಮನಿಗೆ ಹೊರಟಾಗ ಒಬ್ಬ ಹೆಣ್ಣುಮಗಳು, ಕೂಸನ್ನು ಕಂಕುಳಲ್ಲಿಟ್ಟುಕೊಂಡು, “ಪಿನ್ನು ನೋಡೀಯೇನೋ ತಮ್ಮಾ?” ಎಂದು ಕೇಳಿದಳು. ಹುಡುಗರು ನಕ್ಕರು. ಅವಳು ಕೂಸನ್ನು ಆಚೆ ಕಂಕುಳಿಗೆ ಬದಲಿಸಿಕೊಂಡು ಅಲ್ಲೇ ನಿಂತಳು. ಕೊನೆಗೆ ಒಬ್ಬ ಇಳಿದು, ಬ್ಯಾಟರಿ ಹಚ್ಚಿ, ಟ್ರೇಲರಿನ ಕೆಳಗೆ ಬಗ್ಗಿದ.