ಬಿಟ್ಟುಕೊಟ್ಟ ಕೆರೆಯ ಹೂಳು ಯಾರ ಪಾಲು?

2022ರ ಜನವರಿಯಲ್ಲಿ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಭಾರಿ ಕಂಪನಿಯೊಂದರಿಂದ ಇಮೇಲ್ ಬಂತು. ಹಿಂದಿನ ತಿಂಗಳಷ್ಟೇ ಲಾಗ್‌ಫೋರ್‌ಜೆ ಎಂಬ ತಂತ್ರಾಂಶದಲ್ಲಿ ದೊಡ್ಡ ಭದ್ರತಾ ದೋಷ ಪತ್ತೆಯಾಗಿ, ಜಗತ್ತಿನ ಐಟಿ ವಿಭಾಗಗಳೆಲ್ಲ ನಿದ್ದೆಗೆಟ್ಟಿದ್ದವು. ನಿಮ್ಮ ಉತ್ಪನ್ನದಲ್ಲಿ ಅದು ಸೇರಿದೆಯೇ, ಸೇರಿದ್ದರೆ ಏನು ಕ್ರಮ ಕೈಗೊಂಡಿದ್ದೀರಿ, 24 ಗಂಟೆಯೊಳಗೆ ಉತ್ತರಿಸಿ ಎಂಬುದು ಆ ಇಮೇಲಿನ ತಾಕೀತು. ಸ್ಟೆನ್‌ಬರ್ಗ್ ನೋಡಿಕೊಳ್ಳುವ ‘ಕರ್ಲ್’ ತಂತ್ರಾಂಶ ಬರೆದಿರುವುದು ಸಿ ಭಾಷೆಯಲ್ಲಿ, ಲಾಗ್‌ಫೋರ್‌ಜೆ ಜಾವಾದ್ದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಆ ಕಂಪನಿ ಅವರಿಗೆ ಒಂದು ಪೈಸೆ ಕೊಟ್ಟಿರಲಿಲ್ಲ, ಒಂದು ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ಬೆಂಬಲ ಒಪ್ಪಂದ ಆದ ಕೂಡಲೇ ಸಂತೋಷದಿಂದ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುತ್ತೇನೆ ಎಂದು ಅವರು ಮರುಟಪಾಲು ಹಾಕಿದರು.

ಈ ಪ್ರಸಂಗ ಕೇಳಿ ನಕ್ಕವರು ಬಹಳ. ಆದರೆ ಅದರ ಒಳಗೊಂದು ಹಳೆಯ ಪ್ರಶ್ನೆ ಕೂತಿದೆ. ಕೊಟ್ಟವನಿಗೆ ಕೊಟ್ಟ ಮೇಲೂ ಹೊಣೆ ಇರುತ್ತದೆಯೇ?

ಕರ್ಲ್‌ನಂತೆ ಯಾರು ಬೇಕಾದರೂ ಬಳಸಬಹುದಾದ ಓಪನ್ ಸೋರ್ಸ್ ತಂತ್ರಾಂಶಗಳ ಲೈಸೆನ್ಸುಗಳ ಉತ್ತರ ಖಡಾಖಂಡಿತ. ಇರುವುದು ಇದ್ದ ಹಾಗೆ ತೆಗೆದುಕೊಳ್ಳಿ, ಯಾವ ಖಾತರಿಯೂ ಇಲ್ಲ, ಏನಾದರೂ ಹೆಚ್ಚುಕಮ್ಮಿಯಾದರೆ ನಮ್ಮನ್ನು ಕೇಳಬೇಡಿ. ವಕೀಲರಿಗೆ ಇಷ್ಟು ಸಾಕು. ನಮ್ಮ ಧರ್ಮಶಾಸ್ತ್ರಕಾರರು ಮಾತ್ರ ಇದೇ ವಿಷಯವನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಿದ್ದರು. ಅವರ ಲೆಕ್ಕದಲ್ಲಿ ದಾನ ಬೇರೆ, ಉತ್ಸರ್ಗ ಬೇರೆ. ಹಸುವನ್ನು ದಾನ ಕೊಟ್ಟರೆ ಅದಕ್ಕೆ ಹೊಸ ಒಡೆಯನೊಬ್ಬ ಬರುತ್ತಾನೆ. ಕೊಟ್ಟವನಿಗೆ ಆಮೇಲೆ ಅದರ ಹಾಲಿನ ಮೇಲೆ ಹಕ್ಕಿಲ್ಲ. ಕೆರೆಯನ್ನೋ ಬಾವಿಯನ್ನೋ ತೋಪನ್ನೋ ಸಕಲ ಜೀವಿಗಳಿಗೆಂದು ನೀರು ಬಿಟ್ಟು ಉತ್ಸರ್ಗ ಮಾಡಿದರೆ ಹೊಸ ಒಡೆಯ ಯಾರೂ ಬರುವುದಿಲ್ಲ. ಹಾಗಾದರೆ ಕಟ್ಟಿಸಿದವನು ಆ ಕೆರೆಯಲ್ಲಿ ಮೀಯಬಹುದೇ? ಮೀಯಬಹುದು, ಸಕಲ ಜೀವಿಗಳಲ್ಲಿ ಅವನೂ ಒಬ್ಬ ಎಂದರು ಹೆಚ್ಚಿನ ನಿಬಂಧಕಾರರು. ಎಲ್ಲರಂತೆ ಅವನೂ ಒಬ್ಬ. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮುಕ್ತ ತಂತ್ರಾಂಶ ಬರೆದು ಹೊರಗಿಟ್ಟವರ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಬಿಟ್ಟದ್ದನ್ನು ವಾಪಸು ತೆಗೆದುಕೊಳ್ಳಲು ಬರುತ್ತದೆಯೇ ಎಂಬುದಕ್ಕೆ 2016ರ ಮಾರ್ಚಿನಲ್ಲಿ ಪರೀಕ್ಷೆಯೇ ನಡೆಯಿತು. ಅಜೆರ್ ಕೊಚುಲು ಎಂಬ ಪ್ರೋಗ್ರಾಮರ್, ತನ್ನ ಒಂದು ಪ್ಯಾಕೇಜಿನ ಹೆಸರನ್ನು ಕಂಪನಿಯೊಂದರ ಪಾಲಿಗೆ ಬಿಟ್ಟುಕೊಡಬೇಕಾಗಿ ಬಂದಾಗ ಸಿಟ್ಟಿಗೆದ್ದು, ಎನ್‌ಪಿಎಂ ಎಂಬ ಪ್ಯಾಕೇಜು ಭಂಡಾರದಿಂದ ತನ್ನ ಇನ್ನೂರಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಅಳಿಸಿಹಾಕಿದ. ಅವುಗಳಲ್ಲಿ ‘ಲೆಫ್ಟ್‌ಪ್ಯಾಡ್’ ಕೂಡ ಒಂದು. ಬರೀ 11 ಸಾಲಿನ ಕೋಡ್; ಅಕ್ಷರಸಾಲಿನ ಎಡಕ್ಕೆ ಬೇಕಾದಷ್ಟು ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವುದಷ್ಟೇ ಅದರ ಕೆಲಸ. ಅದು ಇಲ್ಲವಾದದ್ದೇ ತಡ, ಅದರ ಮೇಲೆ ನಿಂತಿದ್ದ ದೊಡ್ಡ ದೊಡ್ಡ ತಂತ್ರಾಂಶಗಳ ಬಿಲ್ಡ್‌ಗಳು ಸಾಲುಸಾಲಾಗಿ ಮುಗ್ಗರಿಸಿದವು. ಕೆಲವೇ ಗಂಟೆಗಳಲ್ಲಿ ಎನ್‌ಪಿಎಂ ಆ 11 ಸಾಲುಗಳನ್ನು ತಾನೇ ಮರಳಿ ಹಾಕಿತು. ಆಮೇಲೆ ನಿಯಮವನ್ನೇ ಬದಲಿಸಿ, ಬೇಕೆಂದಾಗ ಅಳಿಸುವ ದಾರಿಯನ್ನು ಕಿರಿದು ಮಾಡಿತು. ಕೊಚುಲು ಅವರ ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ನೀರು ಬಿಟ್ಟಾಗಿತ್ತು.

2022ರ ಜನವರಿಯಲ್ಲಿ ಮರಾಕ್ ಸ್ಕ್ವಯರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನನ್ನ ಬಿಟ್ಟಿ ದುಡಿಮೆಯಿಂದ ದೊಡ್ಡ ಕಂಪನಿಗಳನ್ನು ಇನ್ನು ಪೊರೆಯಲಾರೆ ಎಂದು 2020ರಲ್ಲೇ ಸಾರಿದ್ದವರು ಅವರು. ಕೊನೆಗೆ ತಮ್ಮದೇ ‘ಕಲರ್ಸ್’ ಪ್ಯಾಕೇಜಿನೊಳಗೆ ಮುಗಿಯದ ಲೂಪ್ ಒಂದನ್ನು ಇಟ್ಟರು. ಅದನ್ನು ನಂಬಿದ್ದ ಪ್ರೋಗ್ರಾಮುಗಳು ಪರದೆ ತುಂಬ ಅರ್ಥವಿಲ್ಲದ ಅಕ್ಷರಗಳನ್ನು ಕಾರತೊಡಗಿದವು. ಕೆರೆ ಕಟ್ಟಿದವನು ಇನ್ನು ಹೂಳೆತ್ತುವುದಿಲ್ಲ ಎಂದರೆ ಯಾರೂ ಆಕ್ಷೇಪಿಸುವಂತಿಲ್ಲ. ನೀರು ಕೆಡಿಸಲು ಮಾತ್ರ ಅವನಿಗೆ ಹಕ್ಕಿಲ್ಲ. ಅಲ್ಲಿ ಕುಡಿಯುವವರೆಲ್ಲ ಅವನ ಜಗಳದ ಎದುರಾಳಿಗಳಲ್ಲ.

ಇಂಥ ಕಡೆ ನಮ್ಮವರ ಬಾಯಲ್ಲಿ ಗೀತೆ ಬಂದೇ ಬರುತ್ತದೆ. ಕರ್ಮ ಮಾಡು, ಫಲ ಬಯಸಬೇಡ. ತಂತ್ರಾಂಶ ನೋಡಿಕೊಳ್ಳುವ ಮೇಂಟೇನರ್‌ಗಳು ನಿಷ್ಕಾಮಕರ್ಮಿಗಳು, ಅವರಿಗೇಕೆ ದುಡ್ಡಿನ ಮಾತು? ಚೆನ್ನಾಗಿದೆ. ಆದರೆ ಕೃಷ್ಣ ಆ ಮಾತು ಹೇಳಿದ್ದು ಬಿಲ್ಲು ಹಿಡಿಯಬೇಕಾದ ಅರ್ಜುನನಿಗೆ. ಫಲ ತಿನ್ನುವವರ ಕೈಗೆ ಕೊಟ್ಟ ರಹದಾರಿ ಅದಲ್ಲ. ತಿನ್ನುವವರ ವಿಷಯವನ್ನು ಗೀತೆ ಮೂರನೆಯ ಅಧ್ಯಾಯದಲ್ಲಿ ಬೇರೆಯಾಗಿಯೇ ಎತ್ತುತ್ತದೆ. ದೇವತೆಗಳು ಕೊಟ್ಟದ್ದನ್ನು ಅವರಿಗೆ ಮರಳಿಸದೆ ಒಬ್ಬನೇ ಉಣ್ಣುವವನನ್ನು ಅದು ಕಳ್ಳರ ಸಾಲಿಗೆ ಸೇರಿಸಿದೆ. ವೈರಾಗ್ಯವನ್ನು ಕೊಡುವವನಿಗೆ ಬೋಧಿಸಿ, ಭೋಗವನ್ನು ತಮಗೆ ಇಟ್ಟುಕೊಳ್ಳುವವರು ಈ ಶ್ಲೋಕವನ್ನು ಉದ್ಧರಿಸಿದ್ದು ಅಪರೂಪ. ಶರಣರಂತೂ ಗೊಂದಲಕ್ಕೆ ಎಡೆಯನ್ನೇ ಇಡಲಿಲ್ಲ. ಅವರಲ್ಲಿ ದಾಸೋಹ ನಡೆಯುವುದು ಕಾಯಕದ ಗಳಿಕೆಯಿಂದ. ಹಗಲೆಲ್ಲ ಬೇರೆಲ್ಲೋ ದುಡಿದು, ರಾತ್ರಿ ನಿದ್ದೆಗೆಟ್ಟು ಜಗತ್ತಿನ ಬಗ್ ಸರಿಪಡಿಸುವವನ ಬಾಳು ದಾಸೋಹವೇನೋ ಹೌದು, ಅದರ ಹಿಂದೆ ಇರಬೇಕಾದ ಕಾಯಕದ ಕೂಳು ಎಲ್ಲಿ?

2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ ಈ ಪ್ರಶ್ನೆ ಮುಖಕ್ಕೆ ರಾಚಿತು. ಅಂತರ್ಜಾಲದ ಗುಟ್ಟುಗಳನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ಬ್ಯಾಂಕುಗಳಿಂದ ಹಿಡಿದು ಸರ್ಕಾರಗಳವರೆಗೆ ಎಲ್ಲರೂ ಕುಡಿಯುತ್ತಿದ್ದ ನೀರು ಅದು. ದೋಷ ಹೊರಬಿದ್ದ ಮೇಲೆ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಹಣ ಕೂಡಿಸಿದವು. ಬೆಂಗಳೂರಿನ ಜೆರೋಧಾ ಕಂಪನಿ 2024ರ ಅಕ್ಟೋಬರ್‌ನಲ್ಲಿ ಇಂಥ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿ ಪ್ರಕಟಿಸಿತು. ತನ್ನ ವ್ಯವಹಾರ ನಿಂತಿರುವುದೇ ಇಂಥ ತಂತ್ರಾಂಶಗಳ ಮೇಲೆ ಎಂದು ಒಪ್ಪಿಕೊಂಡು ಕೊಟ್ಟ ಹಣ ಇದು.

ಒಳ್ಳೆಯದೇ. ಆದರೂ ಕನ್ನಡ ನಾಡಿನ ಶಾಸನಗಳು ಇದಕ್ಕಿಂತ ಗಟ್ಟಿ ವ್ಯವಸ್ಥೆಯೊಂದನ್ನು ದಾಖಲಿಸಿವೆ. ಕೆರೆ ಕಟ್ಟಿಸಿದ ಪುಣ್ಯವಂತನ ಹೊಗಳಿಕೆ ಮುಗಿದ ಮೇಲೆ ಎಷ್ಟೋ ಶಾಸನಗಳಲ್ಲಿ ಬಿತ್ತುವಟ್ಟದ ವಿವರ ಬರುತ್ತದೆ. ಕೆರೆಯ ಕೆಳಗಿನ ಗದ್ದೆಯ ಫಲದಲ್ಲಿ ಒಂದು ಪಾಲು ಕೆರೆಗೇ. ಹೂಳು ಸಾಗಿಸುವ ಬಂಡಿಗೂ ಅದನ್ನೆಳೆಯುವ ಪ್ರಾಣಿಗಳಿಗೂ ದತ್ತಿ ಬಿಟ್ಟದ್ದುಂಟು. ರೈತ ಉದಾರಿಯಾಗಿರಲಿ ಜಿಪುಣನಾಗಿರಲಿ, ನೀರು ಹಾಯಿಸಿದ ಮೇಲೆ ಆ ಪಾಲು ಸಲ್ಲಲೇಬೇಕು. ಕಂಪನಿಯ ನಿಧಿಯಾದರೋ ದಾತನ ಮನಸ್ಸಿನ ಮೇಲೆ ನಿಂತದ್ದು. ಮುಂದಿನ ವರ್ಷ ಲಾಭ ಇಳಿದರೆ ಮನಸ್ಸೂ ಇಳಿದೀತು. ವಿಷ್ಣು ಧರ್ಮಸೂತ್ರ ಇನ್ನೊಂದು ಮುಖ್ಯ ಮಾತು ಹೇಳುತ್ತದೆ: ಕೆಟ್ಟುಹೋದ ಬಾವಿ, ಕೆರೆ, ಗುಡಿಗಳನ್ನು ಮತ್ತೆ ಸರಿಪಡಿಸಿದವನಿಗೂ ಮೊದಲು ಕಟ್ಟಿದವನಷ್ಟೇ ಫಲ. ಓಪನ್ ಸೋರ್ಸ್ ಲೋಕ ಇದನ್ನಿನ್ನೂ ಕಲಿತಿಲ್ಲ. ಅಲ್ಲಿ ಹುಟ್ಟುಹಾಕಿದವನಿಗೆ ಸನ್ಮಾನ, ಹತ್ತು ವರ್ಷ ಪ್ಯಾಚ್ ಹಾಕಿದವಳಿಗೆ ದೂರಿನ ಪಟ್ಟಿ.

ಹಣವೊಂದೇ ಸಾಲದು ಎಂಬುದು ‘ಎಕ್ಸ್‌ಝಡ್’ ಪ್ರಕರಣದಲ್ಲಿ ಗೊತ್ತಾಯಿತು. ಫೈಲುಗಳನ್ನು ಕುಗ್ಗಿಸಿ ಕಟ್ಟುವ ಈ ಸಾಧನ ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್‌ಲೆಂಡಿನ ಲಾಸೆ ಕೊಲಿನ್. 2022ರಲ್ಲಿ ಕೆಲವರು, ಬಹುಶಃ ಯಾರದೋ ಮುಖವಾಡಗಳು, ಕೆಲಸ ನಿಧಾನವಾಯಿತೆಂದು ಅವರನ್ನು ಹಂಗಿಸತೊಡಗಿದರು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ, ತನಗೆ ಬಹುದಿನಗಳ ಮಾನಸಿಕ ತೊಂದರೆಯೂ ಇದೆ ಎಂದು ಕೊಲಿನ್ ಬಿಚ್ಚಿ ಹೇಳಿಕೊಂಡರು. ಅಷ್ಟು ಹೊತ್ತಿಗೆ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ವಿನಯದಿಂದ, ತಾಳ್ಮೆಯಿಂದ ಒಳ್ಳೊಳ್ಳೆಯ ಪ್ಯಾಚುಗಳನ್ನು ಕಳಿಸುತ್ತಿದ್ದ. ಭಾರ ಹೊರಲು ಹೆಗಲೊಂದು ಸಿಕ್ಕಿತು ಎಂದುಕೊಂಡರೆ ತಪ್ಪೇನು? ಕ್ರಮೇಣ ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರವೂ ಅವನ ಕೈಸೇರಿತು. 2024ರ ಫೆಬ್ರುವರಿಯ 5.6.0 ಆವೃತ್ತಿಯಲ್ಲಿ ಅವನು ಹಿಂಬಾಗಿಲನ್ನು ಅಡಗಿಸಿಟ್ಟ. ಅದನ್ನಿಟ್ಟದ್ದು ಪರೀಕ್ಷೆಗೆಂದು ಇರುವ, ಯಾರೂ ತೆರೆದು ಓದದ ಬೈನರಿ ಫೈಲುಗಳೊಳಗೆ.

ಸಿಕ್ಕಿದ್ದು ಆಕಸ್ಮಿಕ. ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಬೇರೇನೋ ಅಳೆಯುತ್ತಿದ್ದಾಗ ದೂರದಿಂದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದು ಕಣ್ಣಿಗೆ ಬಿತ್ತು. ಅರ್ಧ ಸೆಕೆಂಡಲ್ಲವೇ ಎಂದು ಬಿಡುವ ಜಾಯಮಾನ ಅವರದಲ್ಲ. ಜಾಡು ಹಿಡಿದು ಹೋಗಿ 2024ರ ಮಾರ್ಚ್ 29ರಂದು ಎಲ್ಲವನ್ನೂ ಬಯಲಿಗಿಟ್ಟರು. ‘ಜಿಯಾ ಟಾನ್’ ಮತ್ತೆ ಕಾಣಿಸಲಿಲ್ಲ.

ಬಿಟ್ಟುಬಿಡುವುದು ಎಂಬ ಗುಣದ ಬಗ್ಗೆ ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಒಡೆತನ ಬಿಡುವುದಕ್ಕೆ ಒಂದು ಗಳಿಗೆ ಸಾಕು. ಮೇಲ್ವಿಚಾರಣೆ ಬಿಡಬೇಕಾದರೆ ಅದು ಯಾರ ಕೈಗೆ ಹೋಗುತ್ತಿದೆಯೆಂದು ನೋಡಬೇಕು. ದಣಿದವನಿಗೆ ಅದನ್ನು ನೋಡುವ ತ್ರಾಣ ಇರುವುದಿಲ್ಲ. ಅವನನ್ನು ಅಷ್ಟು ದಣಿಸಿದವರು ಮುಖವಾಡದವರು ಮಾತ್ರವಲ್ಲ, ಆ ಸಾಧನವನ್ನು ತಮ್ಮ ಸಾವಿರಾರು ಸರ್ವರ್‌ಗಳಲ್ಲಿ ಓಡಿಸಿಕೊಂಡು ಅದನ್ನು ನೋಡಿಕೊಳ್ಳುವವರು ಯಾರೆಂದು ಒಮ್ಮೆಯೂ ವಿಚಾರಿಸದವರೂ ಹೌದು. ಕೊಲಿನ್ ಮರಳಿ ಬಂದು ಕೋಡನ್ನು ಸಾಲುಸಾಲಾಗಿ ತಡಕಿ, ಹಿಂಬಾಗಿಲನ್ನು ಕಿತ್ತುಹಾಕಿ, ಮೇ ತಿಂಗಳ ಕೊನೆಗೆ 5.6.2 ಆವೃತ್ತಿಯನ್ನು ಬಿಡುಗಡೆ ಮಾಡಿದರು. ಅವರಿಗೆ ಲೈಸೆನ್ಸಿನ ಪ್ರಕಾರ ಆ ಹೊಣೆ ಇರಲಿಲ್ಲ.